ಮೂಲೆಗೆ ಎರಡು ಕೈ ಸುಣ್ಣ

ಕೊರ್ದೊಬಾದಲ್ಲಿ ಯಾರ ಮನೆಯಲ್ಲಾದರೂ ನೀರಿನ ಪೈಪು ಒಡೆದರೆ ಮೊದಲು ಬೀದಿ ಬಾಗಿಲು ಹಾಕುತ್ತಾರೆ, ಆಮೇಲೆ ನೆಲ ಅಗೆಯುತ್ತಾರೆ. ಮೂರಡಿ ಹೋದರೆ ಅರಬರು ಸಿಗುತ್ತಾರೆ, ಇನ್ನೂ ಮೂರಡಿ ಹೋದರೆ ರೋಮನ್ನರು. ಯಾರು ಸಿಕ್ಕರೂ ಗ್ರಹಚಾರವೇ. ಪ್ರಾಚ್ಯವಸ್ತು ಇಲಾಖೆಗೆ ಸುದ್ದಿ ಹೋಯಿತೋ, ಅಡುಗೆಮನೆಯ ಸುತ್ತ ಹಗ್ಗ ಕಟ್ಟುತ್ತಾರೆ, ಕುಂಚ ಹಿಡಿದ ಪದವೀಧರರು ಬಂದು ಕುಕ್ಕರುಗಾಲಲ್ಲಿ ಕೂರುತ್ತಾರೆ, ಎರಡು ವರ್ಷ ಒಲೆ ಹಚ್ಚುವ ಹಾಗಿಲ್ಲ. ಹಾಗಾಗಿ ಕಲ್ಲು ಕಂಡ ಗಾರೆಯವನು ಮನೆಯಾಕೆಯ ಮುಖ ನೋಡುತ್ತಾನೆ, ಮನೆಯಾಕೆ ಅವನ ಮುಖ ನೋಡುತ್ತಾಳೆ, ಒಂದು ಲೋಟ ಮೊಂತಿಲ್ಯಾ ವೈನು ಅವನ ಕೈಗೆ ಬರುತ್ತದೆ, ಮಣ್ಣು ಇದ್ದ ಜಾಗಕ್ಕೆ ವಾಪಸು ಹೋಗುತ್ತದೆ. ಕಲ್ಲು ಗೋಡೆಯಲ್ಲಿ ಕಂಡರೆ ಇನ್ನೂ ಸುಲಭ, ಮೇಲೆ ಸುಣ್ಣ ಬಳಿದರಾಯಿತು. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಊರಿನಲ್ಲಿ ಹುಟ್ಟಿದವರಿಗೆ ಗೊತ್ತಿರುತ್ತದೆ.

ಅಸಿಸ್ಕ್ಲೊಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಟ್ಟ.

ಹೊರಗಿನವನೊಬ್ಬ ಬಾಯಿ ಬಿಟ್ಟಿದ್ದರೆ ಊರು ಕ್ಷಮಿಸುತ್ತಿತ್ತೇನೋ. ಇವನು ಇದೇ ಊರಿನ ಸಾನ್ ಲೊರೆನ್ಸೊ ಕೇರಿಯಲ್ಲಿ, ನಾಲ್ಕು ಬಾಡಿಗೆ ಸಂಸಾರಗಳಿದ್ದ ತೊಟ್ಟಿಮನೆಯಲ್ಲಿ, ತಾಯಿ ಸತ್ತ ಮೇಲೆ ಚಿಕ್ಕಮ್ಮನ ಕೈಯಲ್ಲಿ ಉಂಡು ಬೆಳೆದವನು. ಪರೀಕ್ಷೆ ಪಾಸು ಮಾಡಿ, ಕೊರಳಿಗೆ ಸರ್ಕಾರದ ಬಿಲ್ಲೆ ಹಾಕಿಕೊಂಡು, ಮೂವತ್ತು ವರ್ಷದಿಂದ ಬಂದವರಿಗೆ ಊರು ತೋರಿಸುವುದೇ ಅವನ ಕಸುಬು. ಮಸೀದಿಯೊಳಗಿನ ಕಂಬಗಳನ್ನು ಅವನು ಕಣ್ಣು ಮುಚ್ಚಿ ಕೈಯಿಂದ ತಡವಿ, ಇದು ಎಲ್ಲಿಂದ ತಂದದ್ದು, ಇದನ್ನು ಯಾರು ನಿಲ್ಲಿಸಿದ್ದು ಎಂದು ಹೇಳುತ್ತಿದ್ದ. ಅಷ್ಟೆಲ್ಲ ಗೊತ್ತಿದ್ದವನಿಗೆ ಸುಮ್ಮನಿರುವುದೊಂದು ಗೊತ್ತಾಗಲಿಲ್ಲ.

ಏಪ್ರಿಲ್ ಮೂರನೆಯ ವಾರ ಅವನು ಮದೀನಾ ಅಸಹಾರಾದ ಹಾಳು ಅರಮನೆಯಲ್ಲಿ ಹದಿನಾರು ಜನರನ್ನು ನಿಲ್ಲಿಸಿಕೊಂಡಿದ್ದ. ಊರಿನಿಂದ ಪಶ್ಚಿಮಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಬೆಟ್ಟದ ಬುಡ, ಒಣಹುಲ್ಲಿನ ವಾಸನೆ, ಕೆಳಗೆ ಗ್ವಾದಲ್ಕಿವೀರ್ ನದಿಯ ಬಯಲು.

"ಖಲೀಫ ಇದನ್ನ ಕಟ್ಟಿಸಿದ. ಇದು ಬಾಳಿದ್ದು ಎಪ್ಪತ್ತು ಚಿಲ್ಲರೆ ವರ್ಷ. ದೋಚಿದ್ದು ಮಾತ್ರ ಒಂಬೈನೂರು ವರ್ಷ" ಎಂದು ಮಾಮೂಲಿನಂತೆ ಹೇಳಿದ.

"ಕಂಬಗಳೆಲ್ಲ ಎಲ್ಲಿಗೆ ಹೋದ್ವು?" ಎಂದು ಬಿಳಿ ಟೋಪಿಯ ಮುದುಕರೊಬ್ಬರು ಮಾಮೂಲಿನಂತೆ ಕೇಳಿದರು.

"ನಮ್ಮ ಮನೆಗಳಿಗೆ. ನಮ್ಮಜ್ಜಂದಿರು ಕತ್ತೆ ತಂದು ಹೇರಿಕೊಂಡು ಹೋದ್ರು. ನೀವು ಈಗ ನೋಡ್ತಿರೋದು ಕಳ್ಳರ ಮೊಮ್ಮಗನನ್ನ."

ಹದಿನಾರು ಜನ ನಕ್ಕರು. ಈ ಜಾಗದಲ್ಲಿ ಯಾವಾಗಲೂ ನಗುತ್ತಾರೆ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಅದುರಿತು. ಬೊರ್ಹಾ. ಸಾನ್ ಲೊರೆನ್ಸೊದ ಆ ತೊಟ್ಟಿಮನೆ ಈಗ ಹನ್ನೊಂದು ಕೋಣೆಗಳ ದುಬಾರಿ ಹೋಟೆಲು. ಬೊರ್ಹಾ ಅದರ ಮ್ಯಾನೇಜರು, ಮದ್ರಿದಿನಿಂದ ಬಂದ ಮೂವತ್ತರ ಆಸುಪಾಸಿನ ಗಂಡು. ಕಾಲಿಗೆ ಎಂದೂ ಕಾಲುಚೀಲ ಹಾಕದವನು.

"ದೋನ್ ಅಸಿಸ್ಕ್ಲೊ, ನಿಮ್ಮ ಚಿಕ್ಕಮ್ಮ ಇನ್ನೂ ಇದ್ದಾರಲ್ವಾ?"

"ಇದ್ದಾಳೆ."

"ಸದ್ಯ, ಒಳ್ಳೇದಾಯ್ತು ಬಿಡಿ" ಎಂದ ಬೊರ್ಹಾ, ಕಳೆದ ಬೀಗದ ಕೈ ಸಿಕ್ಕವನ ದನಿಯಲ್ಲಿ.

ವಿಷಯ ಇಷ್ಟೇ. ಮೇ ತಿಂಗಳ ಮೊದಲ ಎರಡು ವಾರ ಊರಿನ ಒಳಂಗಳಗಳ ಸ್ಪರ್ಧೆ. ಹೋಟೆಲೂ ಕಳೆದ ವರ್ಷ ಹೆಸರು ಕೊಟ್ಟಿತ್ತು. ಆರುನೂರು ಕುಂಡ, ಕಾರಂಜಿ, ಮೂಲೆಯಲ್ಲಿ ದೀಪ ಬಿಟ್ಟ ಖಲೀಫನ ಕಾಲದ ಕಂಬ. ತೀರ್ಪುಗಾರರು ಬಂದರು, ಸುತ್ತಿದರು, ಬರೆದುಕೊಂಡು ಹೋದರು. ಫಲಿತಾಂಶದ ಹಾಳೆಯಲ್ಲಿ, 'ಸೊಗಸಾಗಿದೆ, ಆದರೆ ಇಲ್ಲಿ ಯಾರೂ ಬದುಕುತ್ತಿಲ್ಲ' ಎಂದಿತ್ತು. ಅಂಗಳ ನೋಡಿಕೊಳ್ಳುವ ಹೆಂಗಸು ಅದೇ ಮನೆಯಲ್ಲಿ ವಾಸವಾಗಿರಬೇಕು, ಅದಕ್ಕೆ ಬೇರೆ ಅಂಕವಿದೆ.

"ಅವರು ಹನ್ನೆರಡು ದಿನ ಬಂದು ಕೂತ್ರೆ ಸಾಕು" ಎಂದ ಬೊರ್ಹಾ. "ಏಪ್ರನ್ ನಾವೇ ಹೊಲಿಸ್ತೀವಿ. ಬೊಂಬಿನ ತುದಿಗೆ ಡಬ್ಬಿ ಕಟ್ಟಿ ಮೇಲಿನ ಕುಂಡಗಳಿಗೆ ನೀರು ಹಾಕ್ತಾರಲ್ಲ, ಅದನ್ನ ಮರೀದೆ ತರ್ಲಿ. ಜನ ಅದರ ಫೋಟೋ ಜಾಸ್ತಿ ತೆಗೀತಾರೆ."

ಅಸಿಸ್ಕ್ಲೊ ಗುಂಪಿಗೆ ಬೆನ್ನು ತಿರುಗಿಸಿದ. ಆರು ವರ್ಷದಿಂದ ಎದೆಯಲ್ಲಿಟ್ಟುಕೊಂಡಿದ್ದ ಮಾತು ನಾಲಿಗೆಗೆ ಬಂದೇಬಿಟ್ಟಿತು. "ಬರ್ತಾಳೆ. ಆದ್ರೆ ಆ ಮನೇಲಿ ಅವಳಿಗೊಂದು ಕೋಣೆ ಕೊಡಬೇಕು. ಇರೋದಕ್ಕೆ. ಸಾಯೋತನಕ."

ಆ ಕಡೆ ಹಾಳೆ ತಿರುವಿದ ಸದ್ದು. "ಮೆಟ್ಟಿಲ ಮೇಲಿನ ಚಿಕ್ಕ ಕೋಣೆ ಇದೆ. ಬಹುಮಾನ ಬಂದ್ರೆ, ಮನೆಯಲ್ಲೇ ಇರೋ ನೋಡಿಕೊಳ್ಳುವಾಕೆ ಅಂತ ಅವರಿಗೇ ಕೊಟ್ಟುಬಿಡೋಣ. ನನ್ನ ಮಾತು."

ಅಸಿಸ್ಕ್ಲೊ ತಿರುಗಿ ನೋಡಿದಾಗ ಹದಿನಾರು ಜನ ಬಿಸಿಲಲ್ಲಿ ಕಾಯುತ್ತಿದ್ದರು. ಅವನಿಗೆ ಆ ಹಾಳು ಕಲ್ಲುಗಳ ಮೇಲೆಲ್ಲ ಪ್ರೀತಿ ಉಕ್ಕಿತು.

*

ಏನಾಗಿತ್ತೆಂದು ಹೇಳಿಬಿಡಬೇಕು. ಅವನಾಗಿ ಹೇಳುವುದಿಲ್ಲ.

ಅವನ ಚಿಕ್ಕಮ್ಮ ಫ್ವೆನ್ಸಾಂತಾ ಹುಟ್ಟಿದ್ದು ಆ ಮನೆಯಲ್ಲೇ, ನೆಲಮಾಳಿಗೆಯ ಪಕ್ಕದ ಎರಡು ಕೋಣೆಗಳಲ್ಲಿ. ಮದುವೆ ಆಗಲಿಲ್ಲ. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದಳು, ಸಂಜೆ ಬಂದು ಅಂಗಳ ನೋಡಿಕೊಂಡಳು. ಜೆರೇನಿಯಂ, ಕಾರ್ನೇಶನ್, ಗೋಡೆ ತುಂಬ ನೀಲಿ ಕುಂಡ. ಪ್ರತಿ ಏಪ್ರಿಲ್ಲಿನಲ್ಲೂ ಗೋಡೆಗಳಿಗೆ ಹೊಸ ಸುಣ್ಣ. ಸುಣ್ಣದ ಮೇಲೆ ಸುಣ್ಣ ಬಿದ್ದು ಗೋಡೆಯ ಮೂಲೆಗಳೆಲ್ಲ ದುಂಡಗಾಗಿದ್ದವು. ಅದರಲ್ಲೂ ಬಾವಿಯ ಕಡೆಯ ಮೂಲೆ ಎದೆಮಟ್ಟದಲ್ಲಿ ಗಡ್ಡೆಯಂತೆ ಉಬ್ಬಿತ್ತು. ಫ್ವೆನ್ಸಾಂತಾಳ ತಾಯಿ ಕುಂಚ ಕೊಡುವಾಗ ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದಳು: "ಮೂಲೆಗೆ ಎರಡು ಕೈ." ಯಾಕೆಂದು ಮಗಳು ಕೇಳಲಿಲ್ಲ, ತಾಯಿ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಅಸಿಸ್ಕ್ಲೊ ಒಂಬತ್ತು ವರ್ಷದವನಾಗಿದ್ದಾಗ ಕಣ್ಣಾಮುಚ್ಚಾಲೆ ಆಡುತ್ತ ಅಲ್ಲಿ ಅಡಗಿ ಮೊಳೆಯಿಂದ ಕೆರೆದಿದ್ದ. ಸುಣ್ಣದ ಅಡಿಯಲ್ಲಿ ಕಲ್ಲಿನ ಎಲೆಯೊಂದರ ತುದಿ ಕಂಡಿತ್ತು. ಅಜ್ಜಿ ಅವನ ಕಿವಿ ಹಿಂಡಿ ಅಂದೇ ಸುಣ್ಣ ಬಳಿದಳು. ಕಿವಿಯ ನೋವು ಹೋಯಿತು, ಎಲೆ ಮಾತ್ರ ಅವನ ತಲೆಯಲ್ಲಿ ಉಳಿಯಿತು. ಬೆಳೆದು ಬಿಲ್ಲೆ ಹಾಕಿಕೊಂಡ ಮೇಲೂ ಅದೇ ಹುಳ. ಊರಲ್ಲಿ ಇನ್ನೂರು ಜನ ಊರು ತೋರಿಸುವವರು, ಎಲ್ಲರೂ ಅದೇ ಮಸೀದಿ, ಅದೇ ರೋಮನ್ ಸೇತುವೆ, ಅದೇ ಯಹೂದಿಗಳ ಕೇರಿಯನ್ನು ಮಾರಿಕೊಂಡು ತಿನ್ನುವವರು. ತನ್ನದು ಅಂತ ಒಂದು ಕಲ್ಲು ಬೇಕು ಎಂದು ಅವನಿಗೆ ಆಸೆ. ಆಸೆ ಅಂದರೆ ಸಣ್ಣದಲ್ಲ, ಹೊಟ್ಟೆಬಾಕತನ.

ಎದುರು ಮನೆಯ ಅರಾಸೆಲಿ ಮೂರು ವರ್ಷ ಸತತ ಮೊದಲ ಬಹುಮಾನ ಹೊಡೆದಳು. ಅವಳ ಅಂಗಳದಲ್ಲಿ ಅರಬರ ಕಾಲದ ಬಾವಿಕಟ್ಟೆ ಇತ್ತು, ಅದೂ ಅಜ್ಜನ ಕಾಲದಲ್ಲೇ ಇಲಾಖೆಯ ಪಟ್ಟಿಗೆ ಸೇರಿ ಎಲ್ಲ ಗಲಾಟೆ ಮುಗಿದಿದ್ದ ಬಾವಿಕಟ್ಟೆ. ಫ್ವೆನ್ಸಾಂತಾ ಮೂರು ವರ್ಷವೂ ಮೂರನೆಯವಳು. ನಾಲ್ಕನೆಯ ವರ್ಷ ಅಸಿಸ್ಕ್ಲೊ ಅವಳ ಕಿವಿಯಲ್ಲಿ ಊದಿದ.

"ಚಿಕ್ಕಮ್ಮ, ಬಾವಿಕಟ್ಟೆ ಏನು ಮಹಾ. ನಿನ್ನ ಮೂಲೇಲಿ ಇರೋದನ್ನ ಹೊರಗೆ ತೆಗೆದ್ರೆ ಅರಾಸೆಲಿ ಕದ ಹಾಕ್ಕೊಂಡು ಅಳಬೇಕು."

"ಬಾಯಿ ಮುಚ್ಚೋ. ನಮ್ಮಮ್ಮ ಎದ್ದು ಬಂದು ಹೊಡೀತಾಳೆ."

"ಈಗ ಕಾಲ ಬದಲಾಗಿದೆ. ಸುಣ್ಣ ಕೆರೆಯೋದಕ್ಕೆ ಯಾರೂ ಜೈಲಿಗೆ ಹಾಕಲ್ಲ. ನಾನಿದೀನಲ್ಲ."

ಎರಡು ಸಂಜೆ ಅವಳು ಬೈದಳು. ಮೂರನೆಯ ಸಂಜೆ, "ಅವಳ ಮುಖ ಒಂದ್ಸಲ ನೋಡ್ಬೇಕು ಕಣೋ" ಎಂದಳು.

ಒಂಬತ್ತು ದಿನ ಇಬ್ಬರೂ ವಿನೆಗರ್ ಹಚ್ಚಿ, ಮರದ ಚಕ್ಕೆಯಿಂದ ಕೆರೆದು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದರು. ಮೊದಲು ಕಂಬದ ತಲೆಯ ಎಲೆಗಳು ಬಂದವು, ಕಸೂತಿ ಹಾಕಿದಷ್ಟು ನಯ. ಆಮೇಲೆ ಅಂಚಿನಲ್ಲಿ ಒಂದು ಸಾಲು ಅಕ್ಷರ. ಅಸಿಸ್ಕ್ಲೊ ಸಂಜೆ ತರಗತಿಯಲ್ಲಿ ಆ ಲಿಪಿ ಕಲಿತಿದ್ದ. ಬೆರಳಿಟ್ಟು ಓದಿದ: 'ಇದು ನಸ್ರ್ ಮಾಡಿದ್ದು.' ಸಾವಿರ ವರ್ಷದ ಹಿಂದಿನ ಕಲ್ಲುಕುಟಿಗ, ಹೆಸರಿನ ಸಮೇತ. ಅವನು ಅತ್ತುಬಿಟ್ಟ. ಚಿಕ್ಕಮ್ಮನೂ ಮೂಗೊರೆಸಿಕೊಂಡಳು. "ಪಾಪ, ಎಷ್ಟು ಕಷ್ಟಪಟ್ಟಿದಾನೆ" ಎಂದಳು.

ಮೊದಲ ಬಹುಮಾನ ಬಂತು. ಅರಾಸೆಲಿಯ ಮುಖ ನೋಡಿದ್ದೂ ಆಯಿತು. ಅಸಿಸ್ಕ್ಲೊ ಅಷ್ಟಕ್ಕೆ ಬಿಡಲಿಲ್ಲ, ಪತ್ರಿಕೆಯವರನ್ನು ಕರೆಸಿದ. ಕಂಬದ ಮೇಲೆ ಕೈಯಿಟ್ಟು ನಿಂತ ಅವನ ಚಿತ್ರ, ಕೆಳಗೆ ಅವನ ಹೆಸರು ಬಂತು. ಚಿತ್ರದ ಅಂಚಿನಲ್ಲಿ ಅರ್ಧ ಕಾಣುತ್ತಿದ್ದ ಫ್ವೆನ್ಸಾಂತಾಳಿಗೆ 'ಮನೆಯ ಹೆಂಗಸು' ಎಂದು ಬರೆದಿದ್ದರು.

ಪತ್ರಿಕೆಯನ್ನು ಮದ್ರಿದಿನಲ್ಲಿದ್ದ ಮನೆ ಮಾಲೀಕರೂ ಓದಿದರು. ನಲವತ್ತು ವರ್ಷ ಸೋರುವ ಸೂರಿಗೆ ಒಂದು ಹೆಂಚು ಕೊಡದವರಿಗೆ ದಿಢೀರನೆ ಮನೆಯ ನೆನಪಾಯಿತು. ಇಲಾಖೆಯವರು ಬಂದು ಹಗ್ಗ ಕಟ್ಟಿದರು. ಉತ್ಖನನ ಮುಗಿಯುವ ತನಕ ನಾಲ್ಕೂ ಸಂಸಾರ ಬೇರೆ ಕಡೆ ಇರಬೇಕು, ತಾತ್ಕಾಲಿಕ ಎಂದು ಮಾಲೀಕರ ವಕೀಲ ಹನ್ನೊಂದು ಪುಟದ ಕಾಗದ ತಂದ. ಅಕ್ಕಪಕ್ಕದವರೆಲ್ಲ ಫ್ವೆನ್ಸಾಂತಾ ಏನು ಮಾಡುತ್ತಾಳೆಂದು ನೋಡಿದರು. ಅವಳು ಅಸಿಸ್ಕ್ಲೊನ ಮುಖ ನೋಡಿದಳು. ಅವನು ಮೇಲಿನ ಎರಡು ಪುಟ ಓದಿ, ಉಳಿದವನ್ನು ತಿರುವಿ, "ಎರಡು ವರ್ಷ ಅಷ್ಟೇ ಚಿಕ್ಕಮ್ಮ, ಆಮೇಲೆ ವಾಪಸು" ಎಂದ. ಅಂದು ಮಧ್ಯಾಹ್ನ ಅವನಿಗೆ ವಿಶ್ವವಿದ್ಯಾಲಯದಲ್ಲಿ ನಸ್ರ್‌ನ ಬಗ್ಗೆ ಭಾಷಣವಿತ್ತು, ಹೊತ್ತಾಗುತ್ತಿತ್ತು.

ಮನೆಯ ಬಳಕೆ ಬದಲಾದರೆ ಊರಿನ ಬೇರಾವುದಾದರೂ ಭಾಗದಲ್ಲಿ ಅಷ್ಟೇ ಅಳತೆಯ ಮನೆ ಕೊಟ್ಟರೆ ಸಾಕು ಎಂಬ ಸಾಲು ಒಂಬತ್ತನೆಯ ಪುಟದಲ್ಲಿತ್ತು.

"ಸಾವಿರ ವರ್ಷದ ಕಲ್ಲು ಓದ್ತಾನೆ ನನ್ನ ಮಗ, ಇದನ್ನ ಓದದೆ ಇರ್ತಾನಾ" ಎಂದು ಫ್ವೆನ್ಸಾಂತಾ ವಕೀಲನಿಗೆ ಹೇಳಿ, ನಗುನಗುತ್ತ ರುಜು ಹಾಕಿದ್ದಳು. ಅವಳನ್ನು ನೋಡಿ ಉಳಿದ ಮೂವರೂ ಹಾಕಿದರು.

*

ಈಗಿನ ಮನೆ ರೈಲ್ವೆ ಹಳಿಯಾಚೆಯ ಬಡಾವಣೆಯಲ್ಲಿ, ಐದನೆಯ ಮಹಡಿ. ಲಿಫ್ಟಿದೆ. ಸೋರುವುದಿಲ್ಲ. ಚಳಿಗಾಲಕ್ಕೆ ಬೆಚ್ಚಗಿರುತ್ತದೆ. ಅದೃಷ್ಟವಂತೆ ಎಂದು ಜನ ಹೇಳುತ್ತಾರೆ. ಹಾಗೆ ಹೇಳುವವರ ನಾಲಿಗೆ ಸೇದಿಹೋಗಲಿ ಎಂದು ಫ್ವೆನ್ಸಾಂತಾ ಹೇಳುತ್ತಾಳೆ.

"ಬಾರಪ್ಪ ಪಂಡಿತ" ಎಂದಳು ಬಾಗಿಲು ತೆಗೆದು. ಎಪ್ಪತ್ತೊಂದು ವರ್ಷದ ಕುಳ್ಳ ಹೆಂಗಸು, ದಪ್ಪ ಮೊಣಕೈ. ಆರು ವರ್ಷದಿಂದ ಅವಳು ಅವನನ್ನು ಹೆಸರು ಹಿಡಿದು ಕರೆದಿಲ್ಲ, ಮುಖ ಕೊಟ್ಟು ಮಾತಾಡಿಲ್ಲ. ಊಟ ಮಾತ್ರ ಹಾಕುತ್ತಾಳೆ. ಅಂದೂ ಟೊಮೆಟೊ ಮತ್ತು ಬ್ರೆಡ್ಡು ಅರೆದ ತಣ್ಣನೆಯ ಸಾಲ್ಮೊರೆಹೊವನ್ನು ಬಟ್ಟಲಲ್ಲಿ ತಂದು ಅವನ ಮುಂದೆ ಕುಕ್ಕಿ, ಕಿಟಕಿಯ ಕಡೆ ತಿರುಗಿ ಕೂತಳು.

ಬಾಲ್ಕನಿಯಲ್ಲಿ ಮೂರು ಕುಂಡ. ಬಾಗಿಲ ಹಿಂದೆ ಬೊಂಬು ಒರಗಿಸಿತ್ತು, ತುದಿಯಲ್ಲಿ ಟ್ಯೂನಾ ಮೀನಿನ ಹಳೆಯ ತಗಡಿನ ಡಬ್ಬಿ. ಇಲ್ಲಿ ಅದಕ್ಕೆ ಎಟುಕಿಸುವಂಥ ಗೋಡೆ ಯಾವುದೂ ಇಲ್ಲ.

ಅವನು ಬೊರ್ಹಾನ ಮಾತನ್ನೆಲ್ಲ ಹೇಳಿದ. ಕೋಣೆಯ ವಿಷಯವನ್ನು ಎರಡು ಸಲ ಹೇಳಿದ.

"ಯಾವ ಕೋಣೆ?" ಎಂದಳು ಕಿಟಕಿಗೆ.

"ಮೆಟ್ಟಿಲ ಮೇಲಿಂದು. ಮೊದಲು ಕುದುರೆ ಜೀನು ಹೊಲಿಯೋ ಪೆಲಾಯೊ ಇದ್ದನಲ್ಲ, ಅದು."

"ಪೆಲಾಯೊನ ಕೋಣೇಲಿ ಬೆಳಿಗ್ಗೆ ಬಿಸಿಲು ಬರುತ್ತೆ." ಕಿಟಕಿಯ ಗಾಜಿನ ಕಲೆಯೊಂದನ್ನು ಉಗುರಿನಿಂದ ಕೆರೆದಳು. "ಕಾಗದ ಇದೆಯಾ?"

"ಮಾತು ಕೊಟ್ಟಿದಾನೆ."

ಫ್ವೆನ್ಸಾಂತಾ ನಕ್ಕಳು. ಆ ನಗು ಕೇಳಿ ಅಸಿಸ್ಕ್ಲೊ ಚಮಚ ಕೆಳಗಿಟ್ಟ. "ಕಾಗದ ಇದ್ರೂ ಏನ್ಮಾಡ್ತಿದ್ದೆ ಬಿಡು, ಓದೋರು ಬೇಕಲ್ಲ."

"ಚಿಕ್ಕಮ್ಮ, ತಪ್ಪಾಯ್ತು ಅಂತ ಎಷ್ಟು ಸಲ ಹೇಳ್ಲಿ? ಈಗ ನಿನ್ನ ಅಲ್ಲಿ ವಾಪಸ್ ಕೂರಿಸ್ತೀನಿ. ನಂಗೆ ಇನ್ನೇನೂ ಬೇಡ. ಒಂದ್ಸಲ ನಂಬು."

"ಇಲ್ಲಿ ಬಾಗಿಲು ತೆಗೆದ್ರೆ ಎದುರಿಗೆ ಇನ್ನೊಂದು ಬಾಗಿಲು" ಎಂದಳು ಅವಳು, ಅವನಿಗೆ ಉತ್ತರ ಕೊಟ್ಟಂತೆ ಅಲ್ಲ. "ಅಲ್ಲಿ ಬಾಗಿಲು ತೆಗೆದ್ರೆ ಯಾರು ಕೆಮ್ಮಿದ್ರು, ಯಾರು ಈರುಳ್ಳಿ ಹುರಿದ್ರು, ಎಲ್ಲ ಗೊತ್ತಾಗ್ತಿತ್ತು. ಪೆಲಾಯೊ ಸತ್ತಿದ್ದು ನಂಗೆ ಮೂರು ವಾರ ಆದ್ಮೇಲೆ ಗೊತ್ತಾಯ್ತು. ಮೀನಿನ ಅಂಗಡೀಲಿ."

ಆಮೇಲೆ ಎದ್ದು ಹೋಗಿ ಬೊಂಬಿನ ತುದಿಯ ಡಬ್ಬಿಯನ್ನು ಅಲ್ಲಾಡಿಸಿ ನೋಡಿದಳು. ತಂತಿ ಸಡಿಲವಾಗಿತ್ತು. ಇಕ್ಕಳ ತಂದು ಬಿಗಿದಳು.

"ಬರ್ತೀನಿ" ಎಂದಳು.

*

ಹನ್ನೊಂದು ದಿನ ಅವಳು ಬಸ್ಸು ಹತ್ತಿ ಬಂದಳು, ಸಂಜೆ ಬಸ್ಸು ಹತ್ತಿ ಹೋದಳು. ಹೋಟೆಲಿನವರು ಕೊಟ್ಟ ಚುಕ್ಕೆ ಚುಕ್ಕೆಯ ಏಪ್ರನ್ ಕಟ್ಟಿಕೊಂಡು, ತಾನು ಹುಟ್ಟಿದ ಮನೆಯ ಅಂಗಳದಲ್ಲಿ, ಹೋಟೆಲಿನವರು ನೆಟ್ಟ ಗಿಡಗಳಿಗೆ ನೀರು ಹಾಕಿದಳು. ಅವಳ ಎರಡು ಕೋಣೆಗಳು ಈಗ ಒಂದೇ ದೊಡ್ಡ ಕೋಣೆಯಾಗಿ, ಬಾಗಿಲ ಮೇಲೆ ಹಿತ್ತಾಳೆ ಅಕ್ಷರದಲ್ಲಿ 'ನಸ್ರ್' ಎಂದಿತ್ತು. ಆ ಬಾಗಿಲ ಕಡೆ ಅವಳು ನೋಡಲಿಲ್ಲ. ಜನ ಸಾಲುಗಟ್ಟಿ ಬಂದರು, ಫೋಟೋ ತೆಗೆದರು. ಅಸಿಸ್ಕ್ಲೊ ದಿನಕ್ಕೆ ನಾಲ್ಕು ಗುಂಪು ತಂದು, ಕಂಬದ ಮುಂದೆ ನಿಲ್ಲಿಸಿ, ತಾನು ಅದನ್ನು ಕಂಡುಹಿಡಿದ ಕಥೆ ಹೇಳಿದ. ಅವಳಿಗೆ ಕೇಳಿಸುವಷ್ಟು ದೂರದಲ್ಲಿ ನಿಂತು ಹೇಳುವುದು ಅವನಿಗೆ ಹಿಂಸೆಯಾಗುತ್ತಿತ್ತು. ಆದರೂ ಹೇಳಿದ. ಬಹುಮಾನ ಬರಲಿ, ಕೋಣೆ ಸಿಗಲಿ, ಆಮೇಲೆ ಈ ಕಥೆಯನ್ನು ನಾನೇ ಹೂತುಬಿಡುತ್ತೇನೆ ಎಂದುಕೊಂಡ.

ಹನ್ನೆರಡನೆಯ ದಿನ ಹನ್ನೊಂದು ಗಂಟೆಗೆ ತೀರ್ಪುಗಾರರು ಬರುವವರಿದ್ದರು. ಅಸಿಸ್ಕ್ಲೊ ಎಂಟೂವರೆಗೇ ಬಂದ. ಬೊರ್ಹಾ ಒಂದು ಫಲಕ ಹಿಡಿದು ನಿಂತಿದ್ದ. ಏಪ್ರನ್ ಕಟ್ಟಿದ ಫ್ವೆನ್ಸಾಂತಾಳ ಚಿತ್ರ, ಕೆಳಗೆ 'ಎಪ್ಪತ್ತೊಂದು ವರ್ಷದಿಂದ ಇದೇ ಮನೆಯಲ್ಲಿ' ಎಂಬ ಬರಹ.

"ಅವರು ಕೇಳ್ತಾರಮ್ಮ" ಎಂದ ಬೊರ್ಹಾ. "ಎಲ್ಲಿ ಮಲಗ್ತೀರಿ ಅಂದ್ರೆ, ಮೆಟ್ಟಿಲ ಮೇಲಿನ ಕೋಣೇಲಿ ಅಂತ ಹೇಳಿ. ಅಷ್ಟು ಹೇಳಿದ್ರೆ ಸಾಕು."

"ಹೇಳ್ತೀನಪ್ಪ. ಅದಕ್ಕೆ ಮುಂಚೆ ಕೋಣೆ ಒಂದ್ಸಲ ನೋಡ್ಲಾ? ಕಿಟಕಿ ಎಲ್ಲಿದೆ ಅಂತ ಕೇಳಿದ್ರೆ ತಡವರಿಸಬಾರದು ನೋಡು."

"ಈಗ ಆಗಲ್ಲಮ್ಮ. ಅದರಲ್ಲಿ ಗಿರಾಕಿಗಳಿದ್ದಾರೆ."

"ಅವರು ಹೋದ್ಮೇಲೆ?"

"ಆಮೇಲೆ ಬೇರೆಯವರು ಬರ್ತಾರೆ. ಕ್ರಿಸ್‌ಮಸ್‌ವರೆಗೆ ಕಾಯ್ದಿರಿಸಿಬಿಟ್ಟಿದೆ." ಬೊರ್ಹಾ ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. "ಮುಂದಿನ ವರ್ಷ ನೋಡೋಣ. ಖಂಡಿತ ಏನಾದ್ರೂ ಮಾಡೋಣ. ಅಲ್ವಾ ದೋನ್ ಅಸಿಸ್ಕ್ಲೊ?"

ಅಸಿಸ್ಕ್ಲೊ ಬೊರ್ಹಾನ ಕೊರಳಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಚಿಕ್ಕಮ್ಮ ಬೈಯುತ್ತಾಳೆಂದು ತಲೆ ತಗ್ಗಿಸಿ ಕಾದ. ಬೈದಿದ್ದರೆ ಚೆನ್ನಾಗಿತ್ತು.

ಅವಳು, "ಆಯ್ತು ಬಿಡು" ಎಂದಳು, ಬಸ್ಸು ತಡ ಎಂದು ಕೇಳಿದವಳಂತೆ. ಆಮೇಲೆ ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು. "ಅಲ್ಲಪ್ಪ, ಬಾವಿ ಕಡೆ ಗೋಡೆ ಮೇಲೆ ನೀರಿನ ಕಲೆ ಇದೆ. ಇದನ್ನ ಇಟ್ಕೊಂಡು ಬಹುಮಾನ ಕೇಳ್ತೀರಾ? ಸುಣ್ಣ ಇದೆಯಾ?"

ಬೊರ್ಹಾನ ಮುಖ ಅರಳಿತು. ಸುಣ್ಣ ಬಳಿಯುವ ಮುದುಕಿ! ಅವನೇ ಬಕೆಟ್ಟು ತಂದ, ಕುಂಚ ತಂದ, ಫೋಟೋದವನನ್ನು ಕೂಗಿ ಕರೆದ. ಫ್ವೆನ್ಸಾಂತಾ ಕುಂಚವನ್ನು ಬೊಂಬಿನ ತುದಿಗೆ ಕಟ್ಟಿದಳು, ಸುಣ್ಣವನ್ನು ಕೋಲಿನಿಂದ ಕದಡಿ ಹದ ನೋಡಿದಳು, ಒಂದು ಹಿಡಿ ಉಪ್ಪು ತರಿಸಿ ಹಾಕಿದಳು. ಕಲೆಯಿಂದ ಶುರು ಮಾಡಿದಳು. ಫೋಟೋದವನು ಅವಳ ಮೊಣಕೈ, ಅವಳ ಏಪ್ರನ್, ಬೊಂಬು ಎಲ್ಲ ತೆಗೆದುಕೊಂಡ. ಹತ್ತು ನಿಮಿಷದಲ್ಲಿ ಅವರಿಗೆ ಸಾಕಾಯಿತು. ಬೊರ್ಹಾ ತಿಂಡಿಯ ಮೇಜುಗಳನ್ನು ನೋಡಲು ಒಳಗೆ ಹೋದ.

ಹಸಿ ಸುಣ್ಣಕ್ಕೆ ಬಣ್ಣವಿರುವುದಿಲ್ಲ. ಬಳಿದಾಗ ಬರೀ ನೀರಿನಂತೆ, ಬೂದು. ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಹಾಗಾಗಿ ಅವಳ ಕುಂಚ ಕಲೆ ದಾಟಿ, ಕಂಬದ ಮುಂದೆ ಕಟ್ಟಿದ್ದ ಹಗ್ಗದ ಮೇಲಿಂದ ಹಾದು, ಮೂಲೆಗೆ ಹೋದಾಗ ಯಾರಿಗೂ ಏನೂ ಅನಿಸಲಿಲ್ಲ. ಅಸಿಸ್ಕ್ಲೊ ಮಾತ್ರ ಎರಡು ಹೆಜ್ಜೆ ಮುಂದೆ ಬಂದ. ಕಲ್ಲಿನ ಎಲೆಗಳ ಸಂದಿಗೆ ಸುಣ್ಣ ಇಳಿಯುತ್ತಿತ್ತು. ಅಕ್ಷರಗಳ ಸಾಲಿನ ಮೇಲೆ ಕುಂಚ ಅಡ್ಡಡ್ಡ ಹೋಯಿತು, ಆಮೇಲೆ ಉದ್ದುದ್ದ. ಇನ್ನೊಮ್ಮೆ ಬಕೆಟ್ಟಿಗೆ ಅದ್ದಿ ತೆಗೆದಳು.

"ಚಿಕ್ಕಮ್ಮ" ಎಂದ, ಮೆಲ್ಲಗೆ.

"ಮೂಲೆಗೆ ಎರಡು ಕೈ" ಎಂದಳು ಅವಳು. ಯಾರಿಗೂ ಅಲ್ಲ.

ಅವನು ಕೂಗಬಹುದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದ್ದರೆ ಎರಡು ನಿಮಿಷದಲ್ಲಿ ಹೋಗುತ್ತಿತ್ತು. ಅದು ನಸ್ರ್‌ನ ಕಲ್ಲು, ಅವನು ಜೀವಮಾನದಲ್ಲಿ ಪ್ರೀತಿಸಿದ ಒಂದೇ ಒಂದು ವಸ್ತು. ಅವನು ಕಾರಂಜಿಯ ಕಟ್ಟೆಯ ಮೇಲೆ ಕೂತುಬಿಟ್ಟ.

ಹನ್ನೊಂದಕ್ಕೆ ತೀರ್ಪುಗಾರರು ಮೂವರು ಬಂದರು. ಅವರ ಮುಖ್ಯಸ್ಥೆ ಬಿಳಿಗೂದಲಿನ, ಕೊರಳಲ್ಲಿ ಕನ್ನಡಕ ನೇತುಹಾಕಿಕೊಂಡ ಹೆಂಗಸು. ಅವರು ಹೂ ನೋಡಿದರು, ನೀರು ನೋಡಿದರು, ಫಲಕ ಓದಿದರು. ಫ್ವೆನ್ಸಾಂತಾಳ ಹತ್ತಿರ ಬಂದು, "ನೀವು ಇಲ್ಲೇ ಇರೋದಾ ಅಮ್ಮ?" ಎಂದು ಕೇಳಿದರು.

"ಇಲ್ಲ. ಹಳಿಯಾಚೆ, ಐದನೇ ಮಹಡಿ. ಇವತ್ತೊಂದಿನ ಸುಣ್ಣ ಹೊಡೆಯೋಕೆ ಬಂದಿದೀನಿ."

ಬೊರ್ಹಾ ಕೆಮ್ಮಿದ. ನಗಲು ನೋಡಿದ. ಮಾತು ಬದಲಿಸುವ ಅವಸರದಲ್ಲಿ, "ಬನ್ನಿ ಬನ್ನಿ, ನಮ್ಮ ಕಂಬ ನೋಡಿ" ಎಂದು ಕೈಚಾಚಿ ತಿರುಗಿದವನು ಹಾಗೇ ನಿಂತ. ಮೂಲೆಯಲ್ಲಿ ದೀಪ ಉರಿಯುತ್ತಿತ್ತು. ದೀಪದ ಬೆಳಕಲ್ಲಿ ಒಂದು ಬಿಳಿ ಗಡ್ಡೆ. ಬಿಸಿಲು ಬಿದ್ದ ಕಡೆ ಪೂರ್ತಿ ಒಣಗಿತ್ತು, ನೆರಳಿನ ಕಡೆ ಅವರ ಕಣ್ಣೆದುರಿಗೇ ಬೆಳ್ಳಗಾಗುತ್ತಿತ್ತು.

"ಇಲ್ಲಿ ಖಲೀಫನ ಕಾಲದ್ದು ಏನೋ ಇತ್ತಲ್ಲ?" ಎಂದರು ಮುಖ್ಯಸ್ಥೆ. ಅವರ ಕಣ್ಣು ಅಸಿಸ್ಕ್ಲೊನ ಕೊರಳಿನ ಬಿಲ್ಲೆಯ ಮೇಲೆ ಹೋಯಿತು. "ನೀವೇ ಅಲ್ವಾ ಕಂಡುಹಿಡಿದವರು? ಎಲ್ಲಿದೆ ಅದು?"

ಬೊರ್ಹಾ ಅವನನ್ನೇ ನೋಡಿದ. ಫೋಟೋದವನು ನೋಡಿದ. ಫ್ವೆನ್ಸಾಂತಾ ಮಾತ್ರ ಬೆನ್ನು ತಿರುಗಿಸಿ ಕುಂಚ ಬಿಚ್ಚುತ್ತಿದ್ದಳು. ಅವಳ ಕೈ ನಿಂತದ್ದನ್ನು ಅಸಿಸ್ಕ್ಲೊ ಗಮನಿಸಿದ.

"ಎಂಥ ಕಂಬ?" ಎಂದ ಅವನು. "ಇಲ್ಲಿ ಏನೂ ಇಲ್ಲ ಮೇಡಂ. ಮೂಲೆ ಅಷ್ಟೇ. ನಾವು ಸಣ್ಣವರಿದ್ದಾಗ್ಲೂ ಹೀಗೇ ಇತ್ತು."

ಮುಖ್ಯಸ್ಥೆ ಕೊರ್ದೊಬಾದ ಹೆಂಗಸು. ಗಡ್ಡೆಯನ್ನು ನೋಡಿದರು, ಮುದುಕಿಯನ್ನು ನೋಡಿದರು, ಬಕೆಟ್ಟನ್ನು ನೋಡಿದರು. ಕನ್ನಡಕ ಮಡಚಿ, "ಸರಿ" ಎಂದಷ್ಟೇ ಹೇಳಿ, ಜೊತೆಯವರನ್ನು ಕರೆದುಕೊಂಡು ಹೊರಟರು.

ಬೊರ್ಹಾ ಆಮೇಲೆ ಕೂಗಾಡಿದ. ಇಲಾಖೆಗೆ ದೂರು ಕೊಡುತ್ತೇನೆ, ಬಿಲ್ಲೆ ಕಿತ್ತುಹಾಕಿಸುತ್ತೇನೆ, ಈ ಬಾಗಿಲೊಳಗೆ ಮತ್ತೆ ಕಾಲಿಟ್ಟರೆ ನೋಡು ಎಂದ. ಹಾಗೇ ಮಾಡುವವನೇ ಅವನು. ತಜ್ಞರು ಬಂದು ಹದಿನೈದು ದಿನದಲ್ಲಿ ಸುಣ್ಣ ತೊಳೆದು ನಸ್ರ್‌ನನ್ನು ಮತ್ತೆ ಹೊರಗೆ ತೆಗೆಯುತ್ತಾರೆಂದೂ ಅಸಿಸ್ಕ್ಲೊಗೆ ಗೊತ್ತಿತ್ತು. ಆದರೂ ಅವನ ಎದೆ ಹಗುರಾಗಿತ್ತು. ಮೂವತ್ತು ವರ್ಷ ಮಾತಾಡಿ ತಿಂದವನು ಮೊದಲ ಸಲ ಸುಮ್ಮನಿದ್ದ. ಈಗಲಾದರೂ ಚಿಕ್ಕಮ್ಮ ತಿರುಗುತ್ತಾಳೆ, ಹೆಸರು ಹಿಡಿದು ಕರೆಯುತ್ತಾಳೆ ಎಂದು ಕಾದ.

ಫ್ವೆನ್ಸಾಂತಾ ಏಪ್ರನ್ ಬಿಚ್ಚಿ ಮಡಚಿ ಕಾರಂಜಿಯ ಕಟ್ಟೆಯ ಮೇಲಿಟ್ಟಳು. ಬೊಂಬಿಗೆ ಡಬ್ಬಿಯನ್ನು ಮತ್ತೆ ಕಟ್ಟಿ ಹೆಗಲಿಗೇರಿಸಿದಳು. ಆಮೇಲೆ ತಿರುಗಿದಳು. ಆರು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೇರವಾಗಿ, ತುಂಬ ಹೊತ್ತು ನೋಡಿದಳು.

"ಅಸಿಸ್ಕ್ಲೊ."

"ಏನು ಚಿಕ್ಕಮ್ಮ."

"ಈ ಮಾತನ್ನ ಅವತ್ತು ಆಡಿದ್ರೆ, ಇಷ್ಟು ಹೊತ್ತಿಗೆ ನಾನು ಒಳಗೆ ಬೇಳೆ ಬೇಯೋಕೆ ಇಟ್ಟಿರ್ತಿದ್ದೆ."

ಅವನು ಜೊತೆಗೆ ಹೊರಟ. ಅವಳು ಬೇಡವೆಂದು ಕೈಯಾಡಿಸಿ, ಬೊಂಬು ಬಾಗಿಲಿಗೆ ತಾಗದಂತೆ ತಗ್ಗಿಸಿಕೊಂಡು, ಹನ್ನೆರಡರ ಬಸ್ಸಿಗೆ ನಡೆದಳು.